ಮೊದಲು ಚೀಲ ಬಿಚ್ಚಿಸಿ: ಶಿಬಿರಕ್ಕೆ ಬಂದವರಿಗೆ ಔಷಧಿ ಬಳಸುವುದು, ಇಟ್ಟುಕೊಳ್ಳುವುದು ಕಲಿಸುವ ಬಗೆ

ಮೊದಲ ಸಲ ಪರಿಹಾರ ಶಿಬಿರದಲ್ಲಿ ಔಷಧಿ ಬಗ್ಗೆ ಹೇಳಿಕೊಡಲು ಹೋದಾಗ ನಾನು ದೊಡ್ಡ ಚಾರ್ಟ್ ಬರೆದುಕೊಂಡು ಹೋಗಿದ್ದೆ. ಮೈಕು ಹಿಡಿದು ಇಪ್ಪತ್ತು ನಿಮಿಷ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಮುಗಿಸಿ ಕೆಳಗಿಳಿದರೆ ಒಬ್ಬ ಅಜ್ಜಿ ಕರವಸ್ತ್ರದ ಗಂಟು ಬಿಚ್ಚಿ ಏಳೆಂಟು ಮಾತ್ರೆ ಅಂಗೈಗೆ ಸುರಿದುಕೊಂಡು, "ಇದ್ರಲ್ಲಿ ಬಿ.ಪಿ.ದು ಯಾವ್ದಪ್ಪಾ?" ಅಂತ ಕೇಳಿದರು. ಸ್ಟ್ರಿಪ್ ಇಲ್ಲ, ಚೀಟಿ ಇಲ್ಲ. ಎಲ್ಲವೂ ದುಂಡಗೆ, ಬೆಳ್ಳಗೆ, ಒಂದೇ ತರ. ನನಗೂ ಗೊತ್ತಾಗಲಿಲ್ಲ. ಅವತ್ತಿನಿಂದ ಮೈಕು ಮುಟ್ಟಿಲ್ಲ. ಹೋದ ಕಡೆಯೆಲ್ಲ ಮೊದಲು ಚೀಲ ಬಿಚ್ಚಿಸುತ್ತೇನೆ, ಪಾಠ ಅಲ್ಲಿಂದಲೇ ಶುರು.

ಶಿಬಿರಗಳಲ್ಲಿ ಓಡಾಡುವ ಸ್ವಯಂಸೇವಕರು, ನರ್ಸ್‌ಗಳು, ಫಾರ್ಮಸಿ ಓದಿದವರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡಾಕ್ಟರ್ ಅಲ್ಲದವರು ಒಂದು ಗೆರೆ ಹಾಕಿಕೊಂಡೇ ಹೋಗಬೇಕು. ಡೋಸ್ ಹೆಚ್ಚು ಕಡಿಮೆ ಮಾಡುವುದು, ಒಂದರ ಬದಲು ಇನ್ನೊಂದು ಕೊಡುವುದು, "ಅದೇನೂ ಬೇಡ ಬಿಡಿ" ಅನ್ನುವುದು ನಮ್ಮ ಕೆಲಸ ಅಲ್ಲ. ಕೈಯಲ್ಲಿರುವ ಔಷಧಿ ಯಾವುದು, ಕೆಟ್ಟಿದೆಯಾ, ಹೇಗೆ ತಗೊಳ್ಳಬೇಕು, ಎಲ್ಲಿ ಇಡಬೇಕು, ಯಾವಾಗ ಡಾಕ್ಟರ್ ಹತ್ತಿರ ಓಡಬೇಕು, ಇಷ್ಟು ಕಲಿಸಿದರೆ ಬೇಕಾದಷ್ಟಾಯಿತು.

ಕಾಯಲು ಆಗದವರನ್ನು ಮೊದಲು ಹುಡುಕಿ

ಪಾಠ ಆಮೇಲೆ. ಶಿಬಿರಕ್ಕೆ ಕಾಲಿಟ್ಟ ದಿನವೇ ಚಾಪೆಯಿಂದ ಚಾಪೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ: ದಿನಾ ತಗೊಳ್ಳುವ ಔಷಧಿ ಇದೆಯಾ? ಇನ್ನು ಎಷ್ಟು ದಿನಕ್ಕೆ ಆಗುತ್ತೆ? "ನಿಮಗೇನು ಕಾಯಿಲೆ" ಅಂತ ಕೇಳಿದರೆ ಜನ "ಏನಿಲ್ಲ, ಚೆನ್ನಾಗಿದ್ದೀನಿ" ಅನ್ನುತ್ತಾರೆ. ಮನೆ ಕಳಕೊಂಡವರಿಗೆ ಶುಗರ್ ಒಂದು ಕಾಯಿಲೆ ಅಂತಲೇ ಅನ್ನಿಸುವುದಿಲ್ಲ. ಮಾತ್ರೆ ಎಷ್ಟು ಉಳಿದಿದೆ ಅಂದರೆ ಮಾತ್ರ ಕೈ ಚೀಲಕ್ಕೆ ಹೋಗುತ್ತದೆ.

ಇನ್ಸುಲಿನ್, ಫಿಟ್ಸ್ ಮಾತ್ರೆ, ಉಬ್ಬಸದ ಇನ್ಹೇಲರ್, ಹೃದಯದ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ, ತಿಂಗಳುಗಟ್ಟಲೆ ತಗೊಳ್ಳುತ್ತಿರುವ ಸ್ಟೀರಾಯ್ಡ್, ಟಿ.ಬಿ. ಮತ್ತು ಎಚ್‌ಐವಿ ಔಷಧಿ, ಮಾನಸಿಕ ಕಾಯಿಲೆಯ ಮಾತ್ರೆ. ಇವುಗಳಲ್ಲಿ ಯಾವುದಾದರೂ ಇದ್ದು, ಎರಡು ಮೂರು ದಿನಕ್ಕಷ್ಟೇ ಉಳಿದಿದ್ದರೆ ಆ ಹೆಸರು ಅದೇ ಗಂಟೆಯಲ್ಲಿ ವೈದ್ಯಕೀಯ ತಂಡಕ್ಕೆ ಹೋಗಬೇಕು. ಟೈಪ್ 1 ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಶುಗರ್ ಕಾಯಿಲೆ, ಇರುವ ಮಗುವಿಗೆ ಇನ್ಸುಲಿನ್ ತಪ್ಪಿದರೆ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ಬರುತ್ತದೆ. ಫಿಟ್ಸ್ ಮಾತ್ರೆ ದಿಢೀರ್ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬರಬಹುದು. ಕೆಲವು ಬಿ.ಪಿ. ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಬಿ.ಪಿ. ಮೊದಲಿಗಿಂತ ಮೇಲೆ ಹಾರುತ್ತದೆ.

ಟಿ.ಬಿ., ಎಚ್‌ಐವಿ, ಮಾನಸಿಕ ಕಾಯಿಲೆ ಬಗ್ಗೆ ಎಲ್ಲರ ಮುಂದೆ ಕೇಳಲೇಬೇಡಿ. ಪಕ್ಕದ ಚಾಪೆ ಒಂದು ಗೇಣು ದೂರದಲ್ಲಿರುತ್ತದೆ. "ಒಬ್ಬರೇ ಮಾತಾಡಬೇಕು ಅನ್ನಿಸಿದವರು ಸಂಜೆ ಆ ಮೂಲೆ ಮೇಜಿನ ಹತ್ತಿರ ಬನ್ನಿ" ಅಂತ ಎಲ್ಲರಿಗೂ ಹೇಳಿ ಸುಮ್ನಿರಿ. ಬರಬೇಕಾದವರು ಬರುತ್ತಾರೆ.

ಚೀಲ ಸುರಿಸಿ, ಮೂರು ಗುಡ್ಡೆ ಮಾಡಿಸಿ

ಐದಾರು ಜನರನ್ನು ಒಟ್ಟಿಗೆ ಕೂರಿಸಿ. ಅದಕ್ಕಿಂತ ಜಾಸ್ತಿ ಬೇಡ. ಎಲ್ಲರ ಮುಂದೆಯೂ ಒಣಗಿದ ಒಂದು ಬಟ್ಟೆ ಹಾಸಿ, ಅವರವರ ಚೀಲ ಅವರವರೇ ಸುರಿಯಲಿ. ನೀವು ಮುಟ್ಟಬೇಡಿ. ಮುಟ್ಟಿದರೆ ಅದು ನಿಮ್ಮ ಕೆಲಸ ಆಗುತ್ತದೆ, ಅವರು ಪ್ರೇಕ್ಷಕರಾಗುತ್ತಾರೆ. ಇಟ್ಟುಕೊಳ್ಳುವುದು, ಕೇಳಿ ನೋಡಬೇಕಾದದ್ದು, ಬಿಸಾಡುವುದು ಅಂತ ಮೂರು ಗುಡ್ಡೆ.

ನೆರೆ ನೀರು ಅಂದರೆ ಚರಂಡಿ, ಎಣ್ಣೆ, ಸತ್ತ ಪ್ರಾಣಿ, ಗೊಬ್ಬರ ಎಲ್ಲ ಸೇರಿದ ನೀರು. ಅದು ತಾಗಿದ ಮಾತ್ರೆ, ಸಿರಪ್, ಮುಲಾಮು, ಇಂಜೆಕ್ಷನ್, ಇನ್ಹೇಲರ್ ಎಲ್ಲವೂ ಬಿಸಾಡುವ ಗುಡ್ಡೆಗೇ ಹೋಗಬೇಕು. ಒಣಗಿಸಿ ಇಟ್ಟುಕೊಳ್ಳುತ್ತೇನೆ ಅನ್ನುವವರು ಇದ್ದೇ ಇರುತ್ತಾರೆ, ಬಿಸಿಲಿಗೆ ಹರವಿದ ಮಾತ್ರೆಗಳನ್ನು ನಾನೇ ಕಂಡಿದ್ದೇನೆ. ಒಣಗಿದರೆ ನೀರು ಹೋಗುತ್ತದೆ, ಕೊಳೆ ಉಳಿಯುತ್ತದೆ ಅಂತ ಹೇಳಿ. ಇದಕ್ಕೆ ಒಂದೇ ಒಂದು ರಿಯಾಯಿತಿ ಇದೆ. ಅದಿಲ್ಲದೆ ಜೀವ ನಿಲ್ಲದಂಥ ಔಷಧಿ, ಹೊರಗಿನ ಡಬ್ಬಿ ಮಾತ್ರ ಕೊಳೆಯಾಗಿದೆ, ಒಳಗಿನ ಮಾತ್ರೆಗೆ ನೀರು ತಾಗಿಯೇ ಇಲ್ಲ, ಬಣ್ಣ ಆಕಾರ ಏನೂ ಬದಲಾಗಿಲ್ಲ ಅಂದರೆ, ಹೊಸದು ಸಿಗುವ ತನಕ ಅದನ್ನೇ ಬಳಸಬಹುದು. ಮಾತ್ರೆ ಸ್ವಲ್ಪ ಒದ್ದೆಯಾಗಿದ್ದರೂ ಈ ರಿಯಾಯಿತಿ ಇಲ್ಲ.

ಬೆಂಕಿ ಬಿದ್ದ ಮನೆಯಿಂದ ತಂದದ್ದಾದರೆ ಕಣ್ಣಿಗೆ ಚೆನ್ನಾಗಿ ಕಂಡರೂ ಬಿಸಿಗೆ ಒಳಗಿನ ಶಕ್ತಿ ಹೋಗಿರಬಹುದು. ಅಲ್ಲೂ ಇದೇ ನಿಯಮ: ಜೀವ ಉಳಿಸುವ ಔಷಧಿ, ನೋಡಲು ಬದಲಾಗಿಲ್ಲ ಅಂದರೆ ಹೊಸದು ಬರುವ ತನಕ, ಇಲ್ಲದಿದ್ದರೆ ಬೇಡ.

ಬಿಡಿ ಮಾತ್ರೆಗಳು ಎರಡನೇ ಗುಡ್ಡೆಗೆ. ಆ ಅಜ್ಜಿಯ ಗಂಟಿನಂಥವು. ಊಹೆ ಮಾಡಿ ಹೆಸರು ಹೇಳಬೇಡಿ, ಪ್ಲೀಸ್. ಮಾತ್ರೆ ಮೇಲಿನ ಅಕ್ಷರ ನೋಡಿ ಫಾರ್ಮಸಿಸ್ಟ್ ಒಬ್ಬರು ಗುರುತಿಸಿದರೆ ಸರಿ, ಇಲ್ಲದಿದ್ದರೆ ಅದು ಬಿಸಾಡುವುದೇ. ಅವಧಿ ಮುಗಿದದ್ದೂ ಈ ಗುಡ್ಡೆಯಲ್ಲೇ ಸಿಗುತ್ತದೆ. ಸ್ಟ್ರಿಪ್ ಮೇಲೆ ತಿಂಗಳು ಮತ್ತು ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೆಯ ದಿನದ ತನಕ ಅಂತ ಅರ್ಥ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಅವರ ಸ್ಟ್ರಿಪ್ ಮೇಲೆ ಅವರ ಬೆರಳಲ್ಲೇ ತೋರಿಸಲಿ.

ಹಾಗೇ ಇನ್ನೊಂದು ಸಣ್ಣ ವಿಷಯ. ಸ್ಟ್ರಿಪ್ಪಿನ ಒಂದು ತುದಿಯಲ್ಲಿ ತಾರೀಕು ಅಚ್ಚು ಹಾಕಿರುತ್ತಾರೆ. ಜನ ಆ ಕಡೆಯಿಂದಲೇ ಕತ್ತರಿಸಿ ಶುರು ಮಾಡಿದರೆ ಮೂರನೇ ದಿನಕ್ಕೆ ತಾರೀಕೂ ಇಲ್ಲ, ಹೆಸರೂ ಅರ್ಧ. ಎದುರು ತುದಿಯಿಂದ ಶುರು ಮಾಡಲು ಹೇಳಿಕೊಡಿ. ಶಿಬಿರದಲ್ಲಿ ಔಷಧಿ ಹಂಚುವವರೂ ನಾಲ್ಕು ಮಾತ್ರೆ ಕತ್ತರಿಸಿ ಕೊಡುವಾಗ ಇದೇ ತಪ್ಪು ಮಾಡುತ್ತಾರೆ. ಅವರಿಗೂ ಹೇಳಿ.

ಒಂದು ಚೀಟಿ, ಒಂದು ಫೋಟೋ

ಜಪಾನಿನಲ್ಲಿ ಪ್ರತಿಯೊಬ್ಬರ ಹತ್ತಿರವೂ ಒಂದು ಪುಟ್ಟ ಔಷಧಿ ಪುಸ್ತಕ ಇಟ್ಟುಕೊಳ್ಳುವ ರೂಢಿ ಇದೆ, ಏನೇನು ಮಾತ್ರೆ, ಎಷ್ಟು ಡೋಸ್, ಯಾವುದು ಮೈಗೆ ಆಗುವುದಿಲ್ಲ ಅಂತೆಲ್ಲ ಅದರಲ್ಲಿ ಇರುತ್ತದೆ. 1995ರ ಕೋಬೆ ಭೂಕಂಪದಲ್ಲಿ ಜನರಿಗೆ ತಮ್ಮ ಮಾತ್ರೆ ಯಾವುದೆಂದೇ ಹೇಳಲು ಆಗದೆ ಪರದಾಡಿದ ಮೇಲೆ ಅದರ ಬೆಲೆ ಗೊತ್ತಾಯಿತು. 2011ರ ಸುನಾಮಿ ಹೊತ್ತಿಗೆ ಆ ಪುಸ್ತಕ ಉಳಿಸಿಕೊಂಡು ಬಂದವರಿಗೆ ಔಷಧಿ ಬೇಗ ಸಿಕ್ಕಿತು.

ನಮಗೆ ಅಷ್ಟೆಲ್ಲ ಬೇಡ, ಒಂದು ರಟ್ಟಿನ ತುಂಡು ಸಾಕು. ಹೆಸರು, ವಯಸ್ಸು, ಕಾಯಿಲೆ, ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾವ ಔಷಧಿ ಆಗಿಬರುವುದಿಲ್ಲ, ಗರ್ಭಿಣಿಯಾ, ಮಗುವಾದರೆ ತೂಕ ಎಷ್ಟು. ಕಂಪನಿ ಇಟ್ಟ ಹೆಸರಿನ ಜೊತೆ ಒಳಗಿರುವ ಔಷಧಿಯ ಹೆಸರನ್ನೂ ಬರೆಯಿರಿ, ಯಾಕೆಂದರೆ ನಾಳೆ ಬರುವ ಲಾರಿಯಲ್ಲಿ ಅದೇ ಕಂಪನಿಯದು ಇರುವುದಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಮುಚ್ಚಿ ಕೊಡಿ. ಮನೆಯಲ್ಲಿ ಫೋನ್ ಇರುವ ಒಬ್ಬರ ಫೋನಿನಲ್ಲಿ ಚೀಟಿ ಮತ್ತು ಸ್ಟ್ರಿಪ್ ಎರಡರ ಫೋಟೋ ಇರಲಿ. ಎಲ್ಲ ಕಳಕೊಂಡು ಬರಿಗೈಯಲ್ಲಿ ಬಂದವರಿಗೆ ಸುಮ್ನೆ "ನೆನಪು ಮಾಡ್ಕೊಳ್ಳಿ" ಅಂದರೆ ಆಗುವುದಿಲ್ಲ. ಊರಿನ ಡಾಕ್ಟರ್, ಔಷಧಿ ಅಂಗಡಿ, ಹಿಂದಿನ ಬಿಲ್, ದೂರದಲ್ಲಿರುವ ಮಗ ಯಾವಾಗಲೋ ತೆಗೆದ ಫೋಟೋ, ಹೀಗೆ ಎಲ್ಲಿಂದ ಎಳೆ ಸಿಗುತ್ತದೋ ಅಲ್ಲಿಂದ ಹಿಡಿಯಿರಿ.

ಕಲಿಸುವುದು ಅಂದರೆ ಅವರ ಕೈಯಲ್ಲಿ ಮಾಡಿಸುವುದು

"ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಿ. ಅದಕ್ಕೆ "ಹೂಂ" ಅನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲ. "ನಾನು ಸರಿಯಾಗಿ ಹೇಳಿದೆನಾ ಅಂತ ನೋಡ್ಕೋಬೇಕು, ಅಮ್ಮ. ರಾತ್ರಿ ಯಾವುದು ತಗೋತೀರಾ, ಸ್ವಲ್ಪ ತೋರಿಸಿ" ಅನ್ನಿ. ಪರೀಕ್ಷೆ ನಿಮಗೆ, ಅವರಿಗಲ್ಲ ಅನ್ನಿಸಿದರೆ ಸಲೀಸಾಗಿ ತೋರಿಸುತ್ತಾರೆ. ತಪ್ಪಾದರೆ ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ತೋರಿಸಲಿ. ಒಬ್ಬರಿಗೆ ಒಂದು ಸಲಕ್ಕೆ ಮೂರು ವಿಷಯ ಸಾಕು. ನಿದ್ದೆ ಇಲ್ಲದ, ಮನೆ ನೆನೆದು ಕಂಗಾಲಾದ ತಲೆಗೆ ಅದಕ್ಕಿಂತ ಹಿಡಿಸುವುದಿಲ್ಲ.

ಓದಲು ಬಾರದವರಿಗೆ ಅಂತ ಚಿತ್ರ ಬರೆಯುತ್ತೇವೆ, ಸರಿ. ಆದರೆ ಓದಲು ಬರುವವರೂ ಶಿಬಿರದಲ್ಲಿ ಓದಲಾರರು, ಕನ್ನಡಕ ಮನೆಯಲ್ಲೇ ಉಳಿದಿರುತ್ತದೆ! ಇದು ನನಗೆ ಹೊಳೆದದ್ದು ತುಂಬಾ ತಡವಾಗಿ. ಒಬ್ಬ ನಿವೃತ್ತ ಮೇಷ್ಟ್ರು ನಾನು ಕೊಟ್ಟ ಚೀಟಿಯನ್ನು ಗಂಭೀರವಾಗಿ ನೋಡಿ ಮಡಚಿಟ್ಟುಕೊಂಡರು, ಎರಡು ದಿನ ಆದ ಮೇಲೆ ಗೊತ್ತಾಯಿತು, ಅವರಿಗೆ ಒಂದಕ್ಷರವೂ ಕಂಡಿರಲಿಲ್ಲ. ಕೇಳಲು ನಾಚಿಕೆ. ಆದ್ದರಿಂದ ಎಲ್ಲರಿಗೂ ದಪ್ಪ ಅಕ್ಷರ, ಎಲ್ಲರಿಗೂ ಚಿತ್ರ. ಬೆಳಗ್ಗೆಗೆ ಮೂಡುವ ಸೂರ್ಯ, ಮಧ್ಯಾಹ್ನಕ್ಕೆ ನೆತ್ತಿ ಮೇಲಿನ ಸೂರ್ಯ, ರಾತ್ರಿಗೆ ಚಂದ್ರ. ಎಷ್ಟು ಮಾತ್ರೆಯೋ ಅಷ್ಟು ಚುಕ್ಕಿ, ಅರ್ಧಕ್ಕೆ ಅರ್ಧ ಚುಕ್ಕಿ. ಚಿತ್ರ ತೋರಿಸಿ "ಇದು ಏನು ಹೇಳ್ತಿದೆ?" ಅಂತ ಅವರನ್ನೇ ಕೇಳಿ ನೋಡಿ. ನಿಮ್ಮ ಚಂದ್ರ ಅವರ ಕಣ್ಣಿಗೆ ಕುಡುಗೋಲು ಆಗಿರಬಹುದು.

ಊಟದ ಜೊತೆ ಅಂತ ಬರೆದಿರುವ ಮಾತ್ರೆಗಳ ಬಗ್ಗೆ ಇಲ್ಲಿ ಬೇರೆಯೇ ಮಾತಾಡಬೇಕು. ಶಿಬಿರದಲ್ಲಿ ಊಟ ಹೇಳಿದ ಹೊತ್ತಿಗೆ ಬರುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ತರದ ಶುಗರ್ ಮಾತ್ರೆಯನ್ನೋ ಊಟದ ಮುಂಚಿನ ಇನ್ಸುಲಿನ್ನನ್ನೋ ಎಂದಿನಂತೆ ಎಂಟು ಗಂಟೆಗೆ ತಗೊಂಡು, ಊಟ ಹನ್ನೊಂದಕ್ಕೆ ಬಂದರೆ ಶುಗರ್ ಇಳಿದು ಕುಸಿಯುತ್ತಾರೆ. ತಟ್ಟೆ ಕೈಗೆ ಬಂದ ಮೇಲೆ ಮಾತ್ರೆ ಅಂತ ಹೇಳಿಕೊಡಿ. ಆದರೆ "ಊಟ ಇಲ್ಲ ಅಂದರೆ ಇನ್ಸುಲಿನ್ನೂ ಬೇಡ" ಅನ್ನಬೇಡಿ. ಟೈಪ್ 1 ಇರುವವರು ಇನ್ಸುಲಿನ್ ಪೂರ್ತಿ ನಿಲ್ಲಿಸುವ ಹಾಗೇ ಇಲ್ಲ, ಊಟ ಕಡಿಮೆಯಾದಾಗ ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳಬೇಕು. ಶುಗರ್ ಇಳಿದಾಗ ಬೆವರು, ನಡುಕ, ಎದೆ ಹೊಡೆತ, ತಲೆ ಗೊಂದಲ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ನೋಡಿ, ಸರಿ ಹೋಗದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿ. ಪಕ್ಕದ ಚಾಪೆಯವರಿಗೂ ಇದು ಗೊತ್ತಿರಬೇಕು, ಕುಸಿದವರು ತಾವೇ ಸಕ್ಕರೆ ಹುಡುಕಲಾರರು.

ಯಾರಾದರೂ ಮಾತ್ರೆ ಬಿಟ್ಟಿದ್ದಾರೆ ಅಂತ ಗೊತ್ತಾದರೆ ಬೈಯಬೇಡಿ, ಯಾಕೆ ಅಂತ ಕೇಳಿ. ಒಬ್ಬ ತಾಯಿಗೆ ಕಾಲು ಊದಿಕೊಂಡಿತ್ತು, ಉಸಿರು ಕಟ್ಟುತ್ತಿತ್ತು. ಹೃದಯಕ್ಕೆ ಅಂತ ಕೊಟ್ಟಿದ್ದ ಮೂತ್ರ ಹೋಗುವ ಮಾತ್ರೆ ಚೀಲದಲ್ಲಿ ಹಾಗೇ ಇತ್ತು. ಕಾರಣ ಏನು ಗೊತ್ತಾ? ಶೌಚಾಲಯ ದೂರ, ದೀಪ ಇಲ್ಲ, ರಾತ್ರಿ ಒಬ್ಬರೇ ಹೋಗಲು ಭಯ. ಅವರು ನೀರು ಕುಡಿಯುವುದನ್ನೂ ನಿಲ್ಲಿಸಿದ್ದರು. ಇದಕ್ಕೆ ಯಾವ ಪಾಠವೂ ಮದ್ದಲ್ಲ. ಡಾಕ್ಟರಿಗೆ ತೋರಿಸಿದೆವು, ಅವರು ಬೆಳಗ್ಗೆ ಬೇಗ ತಗೊಳ್ಳಿ ಅಂದರು, ದಾರಿಗೊಂದು ದೀಪ ಹಾಕಿಸಿದೆವು. ಹೆಂಗಸರು, ವಯಸ್ಸಾದವರು ಮಾತ್ರೆ ಬಿಟ್ಟರೆ ನಾನು ಈಗ ಮೊದಲು ನೋಡುವುದು ಶೌಚಾಲಯದ ದಾರಿಯನ್ನೇ.

ಒಂದು ಹೊತ್ತು ಮರೆತರೆ? ನೆನಪಾದ ತಕ್ಷಣ ತಗೊಳ್ಳಬಹುದು, ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ, ಎರಡನ್ನೂ ಒಟ್ಟಿಗೆ ನುಂಗಬೇಡಿ. ಮುಕ್ಕಾಲುವಾಸಿ ಮಾತ್ರೆಗಳಿಗೆ ಇದು ಸಾಕು. ಮೆಥೋಟ್ರೆಕ್ಸೇಟ್ ಅಂತ ಒಂದು ಮಾತ್ರೆ ಇದೆ, ಕೀಲುವಾತಕ್ಕೆ, ಸೋರಿಯಾಸಿಸ್‌ಗೆ ಕೊಡುತ್ತಾರೆ. ಈ ಕಾಯಿಲೆಗಳಿಗೆ ಅದು ವಾರಕ್ಕೆ ಒಂದೇ ದಿನ. ದಿನಾ ತಗೊಂಡು ಸತ್ತವರಿದ್ದಾರೆ. ಯಾರ ಚೀಲದಲ್ಲಾದರೂ ಕಂಡರೆ ವಾರದ ಯಾವ ದಿನ ಅಂತ ಸ್ಟ್ರಿಪ್ ಮೇಲೆಯೇ ದಪ್ಪಗೆ ಬರೆದು ಬನ್ನಿ.

ಮಕ್ಕಳ ಸಿರಪ್‌ಗೆ ಅರ್ಧ ಗಂಟೆ ಬೇರೆ ಇಡಿ

ಜಾಸ್ತಿ ತಪ್ಪು ಆಗುವುದು ಇಲ್ಲೇ. ಪ್ಯಾರಸಿಟಮಾಲ್ ಡ್ರಾಪ್ಸ್ ಮತ್ತು ಸಿರಪ್ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ತೋರಿಸಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಮಿ.ಲೀ.ಗೆ 120, 125 ಅಥವಾ 250 ಮಿ.ಗ್ರಾಂ. ಅಂದರೆ ಸಿರಪ್ ಅಂದುಕೊಂಡು 5 ಮಿ.ಲೀ. ಡ್ರಾಪ್ಸ್ ಹಾಕಿದರೆ ಮಗುವಿನ ಹೊಟ್ಟೆಗೆ ಹೋಗುವುದು 500 ಮಿ.ಗ್ರಾಂ, ದೊಡ್ಡವರ ಒಂದು ಮಾತ್ರೆ! ಈ ಲೆಕ್ಕವನ್ನು ತಾಯಂದಿರ ಮುಂದೆ ನೀರು ತುಂಬಿದ ಸಿರಿಂಜಿನಲ್ಲಿ ಅಳೆದು ತೋರಿಸಿದರೆ ಒಬ್ಬರೂ ಮರೆಯುವುದಿಲ್ಲ. ಮಗುವಿನ ಡೋಸ್ ನಿರ್ಧಾರ ಆಗುವುದು ತೂಕದ ಮೇಲೆ, ಕಿಲೋಗೆ 10ರಿಂದ 15 ಮಿ.ಗ್ರಾಂ, ನಾಲ್ಕರಿಂದ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಬೇಡ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಸಿರಪ್ ಹುಡುಕಬೇಡಿ, ನೇರ ಡಾಕ್ಟರ್ ಹತ್ತಿರ.

ಊಟದ ಚಮಚದಲ್ಲಿ ಅಳೆಯಬಾರದು. ಶಿಬಿರದಲ್ಲಿ ಸಿಗುವ ನಾಲ್ಕು ಚಮಚ ತಂದು ಎಲ್ಲದಕ್ಕೂ ನೀರು ತುಂಬಿ, ಅಳತೆ ಮುಚ್ಚಳಕ್ಕೆ ಸುರಿಯಲು ಹೇಳಿ. ಒಂದೊಂದರಲ್ಲೂ ಒಂದೊಂದು ಅಳತೆ ಬರುತ್ತದೆ, ಅಲ್ವಾ? ಆಮೇಲೆ ನೀವು ಏನೂ ಹೇಳಬೇಕಾಗಿಲ್ಲ. ಸೂಜಿ ಇಲ್ಲದ 5 ಮಿ.ಲೀ. ಸಿರಿಂಜ್ ಎಲ್ಲ ಮನೆಗೂ ಒಂದೊಂದು ಸಿಕ್ಕರೆ ಬಹಳ ಒಳ್ಳೆಯದು. ಬೇಕಾದ ಗೆರೆಗೆ ಬಣ್ಣದ ಟೇಪ್ ಸುತ್ತಿ ಕೊಡಿ. ಕೊಡುವಾಗ ಮಗುವನ್ನು ಕೂರಿಸಿ, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಬೇಕು, ಗಂಟಲಿಗೆ ಚಿಮ್ಮಿಸಬಾರದು.

ಪುಡಿ ಇರುವ ಆಂಟಿಬಯಾಟಿಕ್ ಬಾಟಲಿಗೆ ಹಾಕುವ ನೀರು ಕುದಿಸಿ ಆರಿಸಿದ್ದೋ ಸೀಲ್ ಮಾಡಿದ ಬಾಟಲಿಯದ್ದೋ ಆಗಿರಲೇಬೇಕು. ಟ್ಯಾಂಕರ್ ನೀರು ಹಾಕಿ ಕಲಸಿದ್ದರೆ ಅದನ್ನು ಚೆಲ್ಲಿಸಿ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಿ, ಸ್ವಲ್ಪ ನೀರು ಹಾಕಿ ಕುಲುಕಿ, ಆಮೇಲೆ ಗೆರೆ ತನಕ ತುಂಬಿ ಮತ್ತೆ ಕುಲುಕಿ. ಕಲಸಿದ ತಾರೀಕು ಬಾಟಲಿ ಮೇಲೆ ಬರೆಯಿರಿ. ಕಲಸಿದ ಮೇಲೆ ಅದಕ್ಕೆ ಆಯಸ್ಸು ಒಂದೆರಡು ವಾರ ಅಷ್ಟೇ, ಕೆಲವಕ್ಕೆ ಫ್ರಿಜ್ ಬೇಕೇ ಬೇಕು. ಫ್ರಿಜ್ ಇಲ್ಲ ಅಂತ ಡಾಕ್ಟರಿಗೆ ಮೊದಲೇ ಹೇಳಿದರೆ ನೀರಿನಲ್ಲಿ ಕರಗುವ ಮಾತ್ರೆ ಬರೆದುಕೊಡಬಹುದು.

ಶಿಬಿರದಲ್ಲೇ ಹಂಚುವ ವಸ್ತುಗಳು

ನೀರು ಶುದ್ಧ ಮಾಡುವ ಕ್ಲೋರಿನ್ ಮಾತ್ರೆಯನ್ನು ಜ್ವರದ ಮಾತ್ರೆಯ ಜೊತೆ ಒಂದೇ ಕವರಿನಲ್ಲಿ ಕೊಡಬೇಡಿ. ದಯವಿಟ್ಟು. ಅದೂ ಸ್ಟ್ರಿಪ್ಪಿನಲ್ಲೇ ಇರುತ್ತದೆ, ಅದೂ ಮಾತ್ರೆಯೇ, ಕೊಟ್ಟವರೂ ಅದೇ ಬಿಳಿ ಕೋಟಿನವರು, ನುಂಗದೆ ಇನ್ನೇನು ಮಾಡುತ್ತಾರೆ? ಬೇರೆ ಮೇಜು, ಬೇರೆ ಹೊತ್ತು, ಕೈಯಲ್ಲಿ ಬಿಂದಿಗೆಯೋ ಕ್ಯಾನೋ ಹಿಡಿದು ಬಂದವರಿಗೆ ಮಾತ್ರ. ಎಷ್ಟು ಲೀಟರಿಗೆ ಒಂದು ಅನ್ನುವುದು ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ಬೇರೆ, ಓದಿಯೇ ಹೇಳಿ. ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬೇಡಿ, ಬಾಯಿ ತೊಳೆಸಿ, ಪ್ಯಾಕೆಟ್ ಸಮೇತ ಡಾಕ್ಟರ್ ಹತ್ತಿರ ಕರೆದೊಯ್ಯಿರಿ.

ಓಆರ್‌ಎಸ್ ದೊಡ್ಡ ಪ್ಯಾಕೆಟ್ ಒಂದು ಲೀಟರಿಗೆ, ಪುಟ್ಟದು 200 ಮಿ.ಲೀ.ಗೆ. ಇವೆರಡು ಅದಲು ಬದಲಾದರೆ ನೀರು ತೆಳುವಾಗುತ್ತದೆ ಅಥವಾ ವಿಪರೀತ ಉಪ್ಪಾಗುತ್ತದೆ, ಉಪ್ಪಾದರೆ ಮಗುವಿಗೆ ಅಪಾಯ. ಒಂದು ಲೀಟರ್ ಬಾಟಲಿ ತೋರಿಸಿ, ಪ್ಯಾಕೆಟ್ ಪೂರ್ತಿ ಹಾಕಿಸಿ. ಸ್ವಲ್ಪ ಪುಡಿ ಈಗ, ಸ್ವಲ್ಪ ಆಮೇಲೆ ಅನ್ನುವುದು ಬೇಡ. ಸಕ್ಕರೆ, ಹಾಲು ಏನೂ ಸೇರಿಸಬಾರದು. ಕಲಸಿದ್ದು 24 ಗಂಟೆ ಆದ ಮೇಲೆ ಚೆಲ್ಲಿ.

ನೆರೆ ನೀರಲ್ಲಿ ಓಡಾಡಿದವರಿಗೆ ಇಲಿ ಜ್ವರ ಬಾರದಿರಲಿ ಅಂತ ಡಾಕ್ಸಿಸೈಕ್ಲಿನ್ ಕೊಡುವುದುಂಟು. ಅದನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲೇ ಅಂಟಿಕೊಂಡು ಸುಟ್ಟು ಹುಣ್ಣಾಗುತ್ತದೆ. ಹೊಟ್ಟೆಗೆ ಏನಾದರೂ ತಿಂದು, ಒಂದು ಲೋಟ ತುಂಬ ನೀರು ಕುಡಿದು, ಅರ್ಧ ಗಂಟೆ ಕೂತಿರಬೇಕು ಇಲ್ಲವೇ ನಿಂತಿರಬೇಕು. ಕಬ್ಬಿಣದ ಮಾತ್ರೆ, ಗ್ಯಾಸಿನ ಔಷಧಿ, ಹಾಲು ಅದೇ ಹೊತ್ತಿಗೆ ಬೇಡ. ಗರ್ಭಿಣಿಯರು, ಚಿಕ್ಕ ಮಕ್ಕಳು ಡಾಕ್ಟರ್ ಕೇಳದೆ ತಗೊಳ್ಳಬಾರದು.

ಜ್ವರಕ್ಕೆ, ಮೈಕೈ ನೋವಿಗೆ, ನೆಗಡಿಗೆ ಅಂತ ಮೂರು ತಂಡದವರು ಮೂರು ಹೆಸರಿನ ಮಾತ್ರೆ ಕೊಟ್ಟು ಹೋಗುತ್ತಾರೆ, ಮೂರರಲ್ಲೂ ಪ್ಯಾರಸಿಟಮಾಲ್. ದೊಡ್ಡವರಿಗೆ ದಿನಕ್ಕೆ ಎಲ್ಲ ಸೇರಿ 4 ಗ್ರಾಂ ದಾಟಬಾರದು, 500ರ ಮಾತ್ರೆಯಾದರೆ ಎಂಟು. ಕುಡಿತ ಇರುವವರಿಗೆ, ಲಿವರ್ ಕೆಟ್ಟವರಿಗೆ ಅದೂ ಜಾಸ್ತಿಯೇ. ಸೊಳ್ಳೆ ಹೆಚ್ಚಿರುವ ಶಿಬಿರದಲ್ಲಿ ಡೆಂಗಿ ಅನುಮಾನ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟುವಂತಿಲ್ಲ, ರಕ್ತಸ್ರಾವಕ್ಕೆ ದಾರಿ. ಹೃದಯಕ್ಕೆ ಅಂತ ಮೊದಲಿಂದ ಆಸ್ಪಿರಿನ್ ತಗೊಳ್ಳುತ್ತಿದ್ದವರು ತಾವೇ ನಿಲ್ಲಿಸದೆ ಡಾಕ್ಟರನ್ನು ಕೇಳಲಿ.

ದಾನವಾಗಿ ಬಂದ ಪೆಟ್ಟಿಗೆಗಳ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. 2004ರ ಸುನಾಮಿ ಆದ ಮೇಲೆ ಇಂಡೋನೇಷ್ಯಾದ ಅಚೆ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು, ಬಹುಪಾಲು ಲೇಬಲ್ ಅಲ್ಲಿನವರಿಗೆ ಬಾರದ ಭಾಷೆಯಲ್ಲಿ. ನೂರಾರು ಟನ್ ನಾಶ ಮಾಡಬೇಕಾಯಿತು. ಬೇರೆಯವರ ಮನೆಯಲ್ಲಿ ಉಳಿದ ಅರ್ಧ ಸ್ಟ್ರಿಪ್, ಸೀಲ್ ಒಡೆದ ಬಾಟಲಿ, ಲೇಬಲ್ ಓದಲಾಗದ ಔಷಧಿ, ಇವನ್ನು ಜನರ ಕೈಗೆ ಕೊಡಬೇಡಿ. ತಗೊಳ್ಳುವವರಿಗೂ "ಇದೇನು, ಯಾಕೆ, ಎಷ್ಟು ದಿನ?" ಅಂತ ಕೇಳಲು ಕಲಿಸಿ. ಪುಕ್ಕಟೆ ಕೊಟ್ಟದ್ದನ್ನು ಪ್ರಶ್ನೆ ಮಾಡಲು ಜನರಿಗೆ ಸಂಕೋಚ, ನಾವೇ ನಾಲ್ಕು ಸಲ ಕೇಳಿಸಿ ಆ ಸಂಕೋಚ ಬಿಡಿಸಬೇಕು.

ಟೆಂಟಿನಲ್ಲಿ ಎಲ್ಲಿ ಇಡೋದು?

"ತಂಪಾದ, ಒಣಗಿದ, ಕತ್ತಲಿನ ಜಾಗದಲ್ಲಿಡಿ" ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಟಾರ್ಪಾಲಿನ ಕೆಳಗೆ ಕೂತು ಅದನ್ನು ಓದಿದರೆ ನಗು ಬರುತ್ತದೆ. ಮಧ್ಯಾಹ್ನ ಟೆಂಟಿನೊಳಗೆ ಕೈ ಎತ್ತಿ ನೋಡಿ, ಮೇಲುಗಡೆ ಒಲೆ ಹತ್ತಿರ ಹಿಡಿದ ಹಾಗಿರುತ್ತದೆ. ನೆಲ ತಣ್ಣಗಿರುತ್ತದೆ, ಆದರೆ ತೇವ. ಹಾಗಾಗಿ ಟಾರ್ಪಾಲಿಗೆ ತಾಗದಂತೆ, ನೆಲಕ್ಕೂ ಬೀಳದಂತೆ, ಬಿಸಿಲು ಬೀಳದ ಬದಿಯಲ್ಲಿ, ಚಿಕ್ಕ ಮಕ್ಕಳ ಕೈಗೆಟುಕದ ಎತ್ತರಕ್ಕೆ ಕಂಬಕ್ಕೆ ಒಂದು ಚೀಲ ನೇತು ಹಾಕುವುದೇ ಸರಿ. ಒಳಗೆ ಮುಚ್ಚಳ ಬಿಗಿಯಾಗಿರುವ ಡಬ್ಬಿ. ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ, ಬಾಟಲಿಯೊಳಗೆ ಬಂದ ತೇವ ಹೀರುವ ಪುಟ್ಟ ಪೊಟ್ಟಣ ಅಲ್ಲೇ ಇರಲಿ, ಅದು ತಿನ್ನುವುದಲ್ಲ ಅಂತಲೂ ಹೇಳಿ. ಎದೆನೋವಿಗೆ ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್ ಮಾತ್ರೆ ಗಾಜಿನ ಬಾಟಲಿಯಲ್ಲಿ ಬಂದಿದ್ದರೆ ಅದರಲ್ಲೇ ಇರಬೇಕು, ಬೇರೆ ಡಬ್ಬಿಗೆ ಹಾಕಿದರೆ ಶಕ್ತಿ ಆರಿಹೋಗುತ್ತದೆ. ಇನ್ಹೇಲರ್ ಬಿಸಿಲಿನಲ್ಲಿ, ಒಲೆ ಪಕ್ಕ ಇಟ್ಟರೆ ಸಿಡಿಯಬಹುದು. ಅದನ್ನೂ ಎದೆನೋವಿನ ಮಾತ್ರೆಯನ್ನೂ ಮಾತ್ರ ಚೀಲದ ಜೊತೆ ನೇತು ಹಾಕದೆ, ರಾತ್ರಿಯೂ ಕೈಗೆ ಸಿಗುವಂತೆ ಮೈ ಮೇಲೇ ಇಟ್ಟುಕೊಳ್ಳಲಿ.

ಇನ್ಸುಲಿನ್ ಬಗ್ಗೆ ಜನರಲ್ಲಿ ಇರುವ ಭಯ ಎಂಥದ್ದು ಅಂದರೆ, ಫ್ರಿಜ್ ಇಲ್ಲ ಅಂತ ಒಳ್ಳೆಯ ಇನ್ಸುಲಿನ್ನನ್ನೇ ಎಸೆದು ಕೂತವರಿದ್ದಾರೆ. ಬಳಸದೆ ಇಟ್ಟದ್ದಕ್ಕೆ 2ರಿಂದ 8 ಡಿಗ್ರಿ ಬೇಕು, ನಿಜ. ಆದರೆ ಹೆಚ್ಚಿನ ಇನ್ಸುಲಿನ್ 15ರಿಂದ 30 ಡಿಗ್ರಿಯ ಒಳಗೆ ಫ್ರಿಜ್ ಇಲ್ಲದೆಯೂ 28 ದಿನ ಕೆಲಸ ಮಾಡುತ್ತದೆ. ಗಡಿಯಿಲ್ಲದ ವೈದ್ಯರ ಸಂಸ್ಥೆ ಎಂಎಸ್‌ಎಫ್ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಕೆನ್ಯಾದ ದಡಾಬ್ ನಿರಾಶ್ರಿತರ ಶಿಬಿರದಲ್ಲಿ ಉಷ್ಣತೆ 25ರಿಂದ 37 ಡಿಗ್ರಿ ತನಕ ಏರಿಳಿಯುವುದನ್ನು ಅಳೆದು, ಪ್ರಯೋಗಾಲಯದಲ್ಲಿ ಅದೇ ಏರಿಳಿತದಲ್ಲಿ ಇನ್ಸುಲಿನ್ ಇಟ್ಟು ನೋಡಿದರು. ನಾಲ್ಕು ವಾರ ಆದರೂ ಶಕ್ತಿ ಹೆಚ್ಚುಕಡಿಮೆ ಹಾಗೇ ಇತ್ತು. ಅದು ಪ್ರಕಟವಾದದ್ದು 2021ರಲ್ಲಿ. ಹಾಗಂತ ಬಿಸಿಲಿಗೆ ಇಡಿ ಅಂತಲ್ಲ, ಫ್ರಿಜ್ ಇಲ್ಲ ಅಂತ ಚುಚ್ಚುವುದನ್ನು ನಿಲ್ಲಿಸಬೇಡಿ ಅಂತ.

ಮಣ್ಣಿನ ಎರಡು ಮಡಕೆ ಸಿಕ್ಕರೆ ಒಂದರೊಳಗೊಂದು ಇಟ್ಟು, ನಡುವೆ ಮರಳು ತುಂಬಿ, ದಿನಕ್ಕೆ ಎರಡು ಸಲ ಮರಳು ನೆನೆಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ಗಾಳಿ ಆಡುವ ನೆರಳಲ್ಲಿಟ್ಟರೆ ಒಳಗೆ ಹಲವು ಡಿಗ್ರಿ ತಂಪು. ಮಳೆ ಹಿಡಿದು ಗಾಳಿಯೆಲ್ಲ ತೇವ ಇರುವಾಗ ಇದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಯೇ ಒಳಗಿಡಿ. ಐಸ್ ಸಿಕ್ಕಿತು ಅಂತ ಐಸಿನ ಮೇಲೆ ನೇರ ಇಡಬಾರದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಟ್ಟದ್ದೇ. ತಿಳಿಯಾಗಿರಬೇಕಾದದ್ದು ಮೋಡ ಕಟ್ಟಿದರೆ, ಹಾಲಿನಂತಿರುವುದರಲ್ಲಿ ನಿಧಾನವಾಗಿ ಉರುಳಿಸಿದ ಮೇಲೂ ಗಂಟು ಉಳಿದರೆ, ಬಳಸಬೇಡಿ. ತೆರೆದ ತಾರೀಕು ಬಾಟಲಿ ಮೇಲೆ ಬರೆಯಿಸಿ.

ಬಳಸಿದ ಸೂಜಿ ಎಲ್ಲಿ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಅದು ಚಾಪೆ ಕೆಳಗೆ ಹೋಗಿ, ಮಗುವಿನ ಕಾಲಿಗೆ ಬರುತ್ತದೆ. ಮುಚ್ಚಳ ಇರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಒಂದೊಂದು ಕೊಡಿ, ಮುಕ್ಕಾಲು ತುಂಬಿದಾಗ ವಾಪಸ್ ತಗೊಂಡು ಹೊಸದು ಕೊಡಿ. ಬಿಸಾಡುವ ಗುಡ್ಡೆಯ ಔಷಧಿಯನ್ನೂ ಹಾಗೇ ಒಂದೇ ಪೆಟ್ಟಿಗೆಗೆ ಸೇರಿಸಿ ಆರೋಗ್ಯ ತಂಡಕ್ಕೆ ಒಪ್ಪಿಸಿ. ಟೆಂಟಿನ ಹಿಂದಕ್ಕೆ ಎಸೆದರೆ ಮಕ್ಕಳು ಹೆಕ್ಕಿ ತರುತ್ತಾರೆ, ಸುಟ್ಟರೆ ಹೊಗೆ ಎಲ್ಲರಿಗೂ.

ಮಕ್ಕಳ ಮಾತು ಬಂತಲ್ಲ. ಕೆಂಪು ಬಣ್ಣದ ಕಬ್ಬಿಣದ ಮಾತ್ರೆ ಮಗುವಿಗೆ ಪೆಪ್ಪರ್ಮಿಂಟು. ಕೆಲವು ನುಂಗಿದರೂ ಜೀವಕ್ಕೆ ಅಪಾಯ. ಅಜ್ಜನ ಶುಗರ್ ಮಾತ್ರೆಗಳಲ್ಲಿ ಕೆಲವು ಒಂದೇ ಸಾಕು ಪುಟ್ಟ ಮಗುವಿನ ಜೀವಕ್ಕೆ ಕುತ್ತಾಗಲು. ಔಷಧಿ ಕುಡಿಸುವಾಗ "ಚಾಕಲೇಟು, ಬಾ" ಅಂತ ಕರೆಯುವುದನ್ನು ಬಿಡಿಸಿ. ಮಗು ಏನಾದರೂ ನುಂಗಿದೆ ಅಂತ ಅನುಮಾನ ಬಂದರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಉಪ್ಪು ನೀರು ಕುಡಿಸಬೇಡಿ, ಉಳಿದ ಸ್ಟ್ರಿಪ್ ಕೈಯಲ್ಲಿ ಹಿಡಿದು ತಕ್ಷಣ ಹೊರಡಿ. ಎಷ್ಟು ಹೋಗಿದೆ ಅಂತ ಖಾಲಿ ಗುಳಿ ಎಣಿಸಿದರೆ ಡಾಕ್ಟರಿಗೆ ಗೊತ್ತಾಗುತ್ತದೆ.

ಪಕ್ಕದವರಿಗೆ ಮಾತ್ರೆ ಕೊಡುವುದನ್ನು ನಿಲ್ಲಿಸುವುದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಅದು ಪ್ರೀತಿಯಿಂದ ಆಗುವ ತಪ್ಪು. ಅನ್ನ ಹಂಚಿಕೊಂಡವರು ಮಾತ್ರೆಯನ್ನೂ ಹಂಚಿಕೊಳ್ಳುತ್ತಾರೆ. "ಕೊಡಬೇಡಿ" ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ನಾನು "ನಿಮ್ಮ ಮಾತ್ರೆ ಬೇಡ, ಅವರನ್ನು ಮೇಜಿನ ತನಕ ಕೈ ಹಿಡ್ಕೊಂಡು ಕರ್ಕೊಂಡು ಬನ್ನಿ ಸಾಕು" ಅನ್ನುತ್ತೇನೆ. ಮಾಡಲು ಒಂದು ಕೆಲಸ ಸಿಕ್ಕರೆ ಒಪ್ಪುತ್ತಾರೆ.

ಮೂರನೇ ದಿನ ಮತ್ತೆ ಹೋಗಿ

ಮೊದಲ ದಿನ ಕಲಿಸಿದ್ದು ಉಳಿದಿದೆಯಾ ಅಂತ ತಿಳಿಯಲು ಪ್ರಶ್ನೆ ಕೇಳಬೇಕಿಲ್ಲ. ಸ್ಟ್ರಿಪ್ ಎತ್ತಿ ಎಣಿಸಿ. ಮೂರು ದಿನಕ್ಕೆ ಆರು ಗುಳಿ ಖಾಲಿ ಇರಬೇಕಿದ್ದ ಕಡೆ ನಾಲ್ಕು ಇದ್ದರೆ ಮಾತು ಅಲ್ಲಿಂದ ಶುರು ಮಾಡಿ. ಒಂಬತ್ತು ಖಾಲಿಯಾಗಿದ್ದರೆ ಇನ್ನೂ ಬೇಗ ಶುರು ಮಾಡಿ.

ಮನೆಗೆ ವಾಪಸ್ ಹೊರಡುವ ದಿನ ಗಡಿಬಿಡಿಯಲ್ಲಿ ಈ ಚೀಲ ಕಂಬದ ಮೇಲೇ ಉಳಿದುಬಿಡುತ್ತದೆ, ಆದ್ದರಿಂದ ಹಿಂದಿನ ಸಂಜೆಯೇ ಒಂದು ಸುತ್ತು ಹಾಕಿ. ಕನಿಷ್ಠ ಒಂದು ವಾರಕ್ಕಾಗುವಷ್ಟು ಮಾತ್ರೆ ಇದೆಯಾ, ಮುಂದಿನದು ಎಲ್ಲಿ ಸಿಗುತ್ತದೆ, ರಟ್ಟಿನ ಚೀಟಿ ಯಾರ ಹತ್ತಿರ ಇದೆ ಅಂತ ನೋಡಿ. ಮನೆಯ ಕಪಾಟಿನಲ್ಲಿ ನೀರು ಕುಡಿದು ಕೂತಿರುವ ಹಳೆ ಔಷಧಿಯನ್ನೂ ದಿನಗಟ್ಟಲೆ ಕರೆಂಟ್ ಇಲ್ಲದ ಫ್ರಿಜ್ಜಿನಲ್ಲಿ ಉಳಿದದ್ದನ್ನೂ ಬಳಸಬೇಡಿ ಅಂತ ಹೇಳಿ. ಫ್ರಿಜ್ಜಿನಲ್ಲಿ ಉಳಿದದ್ದು ಇನ್ಸುಲಿನ್ ಆಗಿದ್ದು ಬೇರೆ ಇಲ್ಲವೇ ಇಲ್ಲ ಅಂದರೆ ಹೊಸದು ಸಿಗುವ ತನಕ ಅದನ್ನೇ ಬಳಸಲಿ, ಶುಗರ್ ಅಳೆಯುತ್ತಿರಲಿ. ಆ ಅಜ್ಜಿಯನ್ನು ಹೀಗೇ ಒಂದು ಸಂಜೆ ಮತ್ತೆ ನೋಡಿದೆ. ಕರವಸ್ತ್ರದ ಗಂಟು ಈಗಲೂ ಇತ್ತು, ಬಿಚ್ಚಿದರೆ ಒಳಗೆ ಸ್ಟ್ರಿಪ್ಪುಗಳು, ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ. ಚಂದ್ರನನ್ನು ಅವರೇ ಬರೆದುಕೊಂಡಿದ್ದರು.